ಹನ್ನೊಂದನೆಯವರು ಮಿರ್ಚಿ ತಿನ್ನುವಂತಿಲ್ಲ

ಬಳ್ಳಾರಿಯಲ್ಲಿ ಸಂಜೆ ಹೊತ್ತು ಮಿರ್ಚಿ ಬಂಡಿ ಮುಂದೆ ಎಷ್ಟು ಜನ ನಿಂತಿರುತ್ತಾರೆ ಅಂತ ಯಾರೂ ಎಣಿಸಿದವರಲ್ಲ. ಎಣ್ಣೆ ಕಾದಿದೆಯಾ, ಒಗ್ಗರಣೆ ಮಂಡಕ್ಕಿ ಉಳಿದಿದೆಯಾ, ಅಷ್ಟೇ ನಮ್ಮ ಚಿಂತೆ. ಆದರೆ 2025ರ ಅಕ್ಟೋಬರ್ 18ರಂದು ಬೆಂಗಳೂರಿನಿಂದ ಒಂದು ಸರ್ಕಾರಿ ಆದೇಶ ಹೊರಟಿತಲ್ಲ, ಅವತ್ತಿನಿಂದ ಎಣಿಕೆ ಶುರುವಾಯಿತು. ಸರ್ಕಾರದ ಜಾಗದಲ್ಲಿ ಅನುಮತಿ ಇಲ್ಲದೆ ಹತ್ತಕ್ಕಿಂತ ಜಾಸ್ತಿ ಜನ ಸೇರಿದರೆ ಅಪರಾಧವಂತೆ. ಪಾರ್ಕು ಸರ್ಕಾರದ್ದು, ಮೈದಾನ ಸರ್ಕಾರದ್ದು, ರಸ್ತೆಯಂತೂ ಸರ್ಕಾರದ್ದೇ. ಬಂಡಿ ನಿಂತಿರುವುದು ರಸ್ತೆಯ ಮೇಲೆ.

ಪೇಪರ್ ಓದಿ ಮುಗಿಸಿದ ಬಂಡಿಯವರು ಕೇಳಿದ ಪ್ರಶ್ನೆ ನೇರವಾಗಿತ್ತು. "ನನ್ನನ್ನೂ ಸೇರಿಸಿ ಹತ್ತಾ ಸರ, ನನ್ನ ಬಿಟ್ಟು ಹತ್ತಾ?"

ಉತ್ತರ ಕೊಡುವವರು ಯಾರು? ತಾಯಿ ಸೊಂಟದ ಮೇಲಿನ ಕೂಸು ಒಂದು ತಲೆಯಾ, ಅರ್ಧ ತಲೆಯಾ? ಪಾರ್ಸೆಲ್ ತಗೊಂಡು ಹೋಗುವವರು ಸೇರಿದಂತಾ, ಹಾದುಹೋದಂತಾ? ನಾನು ಹನ್ನೊಂದನೆಯವನಾಗಿ ಬಂದರೆ ತಪ್ಪು ನನ್ನದೋ, ಮೊದಲೇ ಬಂದು ಇನ್ನೂ ತಿನ್ನುತ್ತಲೇ ನಿಂತಿರುವ ಒಂಬತ್ತನೆಯವರದೋ? ಆದೇಶ ಬರೆದವರು ಮಿರ್ಚಿ ತಿನ್ನುವವರಲ್ಲ ಅನ್ನುವುದು ಗ್ಯಾರಂಟಿ.

ಅದು ನಮ್ಮ ಮೇಲೆ ಬಿಟ್ಟ ಬಾಣ ಅಲ್ಲ, ಒಪ್ಪೋಣ. ಆರ್‌ಎಸ್‌ಎಸ್ ಮೇಲೆ ಅಂತ ಇಡೀ ರಾಜ್ಯಕ್ಕೆ ಗೊತ್ತು. ಹೆಸರು ಬರೆಯುವ ಧೈರ್ಯ ಮಾತ್ರ ಆದೇಶಕ್ಕಿರಲಿಲ್ಲ. ಹೆಸರು ಬರೆಯದ್ದರಿಂದ ಬೆಳಗಿನ ವಾಕಿಂಗ್ ಗೆಳೆಯರು, ಪಾರ್ಕಿನಲ್ಲಿ ಕೇಕ್ ಕತ್ತರಿಸುವ ಹುಡುಗರು, ಟೆನಿಸ್ ಬಾಲ್ ಕ್ರಿಕೆಟ್‌ನ ಎರಡೂ ಟೀಮು, ಎಲ್ಲರೂ ಒಂದೇ ಬಲೆಗೆ ಬಿದ್ದರು. ಕ್ರಿಕೆಟ್ ಟೀಮಿನಲ್ಲಿ ಹನ್ನೊಂದು ಜನ. ಒಂದು ಟೀಮು ಮೈದಾನಕ್ಕಿಳಿದರೆ ಸಾಕು, ಕೇಸು.

ಆದೇಶ ಬದುಕಿದ್ದು ಹತ್ತು ದಿನ. ಅಕ್ಟೋಬರ್ 28ರಂದು ಹೈಕೋರ್ಟಿನ ಧಾರವಾಡ ಪೀಠ ತಡೆ ಕೊಟ್ಟಿತು. ಹತ್ತು ಜನ, ಹತ್ತು ದಿನ, ಲೆಕ್ಕ ಚೊಕ್ಕ. ಸರ್ಕಾರ ಮೇಲ್ಮನವಿಗೆ ಓಡಿತು. ನವೆಂಬರ್‌ನಲ್ಲಿ ದ್ವಿಸದಸ್ಯ ಪೀಠ ಅದನ್ನೂ ತಳ್ಳಿಹಾಕಿತು. ಇದರಲ್ಲಿ ಹೊಸ ಪಾಠ ಏನೂ ಇಲ್ಲ. ಶಾಂತವಾಗಿ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಅದಕ್ಕೆ ಬೇಲಿ ಹಾಕಬೇಕಾದರೆ ಕಾನೂನು ಬೇಕು. 1986ರಲ್ಲಿ ಕೇರಳದ ಮೂವರು ಶಾಲಾ ಮಕ್ಕಳ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತ್ತು. ಶಿಕ್ಷಣ ಇಲಾಖೆಯ ಸುತ್ತೋಲೆ ತೋರಿಸಿ ಮೂಲಭೂತ ಹಕ್ಕು ಕಿತ್ತುಕೊಳ್ಳಲಾಗದು ಅಂತ. ಆ ಮೂವರು ಮಕ್ಕಳಿಗೆ ಈಗ ಮಕ್ಕಳಿರಬೇಕು. ವಿಧಾನಸೌಧಕ್ಕೆ ಆ ತೀರ್ಪು ಇನ್ನೂ ತಲುಪಿಲ್ಲ.

ಹಾಗಂತ ಆದೇಶವನ್ನು ಹಗುರವಾಗಿ ನೋಡಬೇಡಿ. ಸರ್ಕಾರ ನಡೆಸುವವರ ಕುರ್ಚಿಯಲ್ಲಿ ಕೂತು ನೋಡಿ, ಎಂಥ ಸೊಗಸಾದ ವಸ್ತು ಅದು! ಕಾನೂನು ಮಾಡುವುದೆಂದರೆ ತಾಪತ್ರಯ. ಮಸೂದೆ ಬರೆಸಬೇಕು. ಕಾನೂನು ಇಲಾಖೆಯವರು ಅಲ್ಪವಿರಾಮ ಹುಡುಕಿ ವಾಪಸ್ ಕಳಿಸುತ್ತಾರೆ. ಸದನದಲ್ಲಿ ಮಂಡಿಸಿದರೆ ವಿರೋಧ ಪಕ್ಷದವರು ಬಾವಿಗಿಳಿಯುತ್ತಾರೆ. ಪರಿಷತ್ತಿನಲ್ಲಿ ತಲೆ ಎಣಿಸಬೇಕು. ಅದಾದ ಮೇಲೆ ರಾಜ್ಯಪಾಲರು. ಅವರು ಸಹಿ ಹಾಕಬಹುದು, ಪ್ರಶ್ನೆ ಕೇಳಿ ಹಿಂದಕ್ಕೆ ಕಳಿಸಬಹುದು, ರಾಷ್ಟ್ರಪತಿಗೆ ದಾಟಿಸಿ ಸುಮ್ನೆ ಕೂರಬಹುದು. ಆದೇಶಕ್ಕೆ ಇದ್ಯಾವುದೂ ಬೇಡ. ಮಧ್ಯಾಹ್ನ ಕಡತ ಏಳುತ್ತದೆ, ಸಂಜೆ ಸಹಿ ಬೀಳುತ್ತದೆ, ರಾತ್ರಿ ಟೀವಿಯಲ್ಲಿ ಬ್ರೇಕಿಂಗ್ ನ್ಯೂಸ್. ಕೊನೆಗೆ "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಒಂದು ಸಾಲು. ಪಾಪ ರಾಜ್ಯಪಾಲರು. ಸರ್ಕಾರಕ್ಕೂ ಅವರಿಗೂ ಮಾತುಕತೆ ಅಷ್ಟಕ್ಕಷ್ಟೇ. ಆದರೆ ಆದೇಶ ಹೊರಡುವುದೆಲ್ಲ ಅವರ ಹೆಸರಿನಲ್ಲಿ.

ನಮ್ಮವರನ್ನೇ ಬೈಯುವುದು ಬೇಡ. ಅಮೆರಿಕದಲ್ಲಿ ಟ್ರಂಪ್ 2025ರ ಜನವರಿ 20ರಂದು ಪ್ರಮಾಣ ಮಾಡಿದ ದಿನವೇ 26 ಆದೇಶಗಳಿಗೆ ಸಹಿ ಹಾಕಿದರು. ಒಳಾಂಗಣ ಕ್ರೀಡಾಂಗಣದಲ್ಲಿ ಮೇಜು ಹಾಕಿಸಿ, ಜನರೆದುರೇ ಸಹಿ ಮಾಡಿ, ಆ ಪೆನ್ನುಗಳನ್ನು ಗುಂಪಿನತ್ತ ಎಸೆದರು. ನಮ್ಮಲ್ಲಿ ಈ ಪದ್ಧತಿ ಇನ್ನೂ ಬಂದಿಲ್ಲ. ಬಂದರೆ ಪೆನ್ನು ಖರೀದಿಗೆ ಟೆಂಡರ್ ಕರೆಯಬೇಕಾಗುತ್ತದೆ. ಅವತ್ತು ಅವರು ಬೈಡನ್ ಕಾಲದ 78 ಆದೇಶಗಳನ್ನು ಒಂದೇ ಏಟಿಗೆ ರದ್ದು ಮಾಡಿದರು. ಬೈಡನ್ ಕೂಡ 2021ರಲ್ಲಿ ಬಂದ ದಿನವೇ ಟ್ರಂಪ್ ಮಾಡಿದ್ದನ್ನು ಅಳಿಸಲು ಕೂತಿದ್ದರು. ಬಾಡಿಗೆ ಮನೆಯ ಗೋಡೆಗೆ ಹೊಡೆದ ಮೊಳೆ ಇದ್ದಂತೆ ಇವು. ಮುಂದೆ ಬರುವವರು ಸಾಮಾನು ಇಳಿಸುವ ಮೊದಲೇ ಕೀಳುತ್ತಾರೆ. ಹುಟ್ಟಿನಿಂದ ಬರುವ ಪೌರತ್ವವನ್ನೂ ಆದೇಶದಲ್ಲೇ ಮೊಟಕು ಮಾಡಲು ಹೋದರು ಟ್ರಂಪ್. ಅದಿರುವುದು ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿಯಲ್ಲಿ. ಮೂರೇ ದಿನಕ್ಕೆ ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ತಡೆ ಹಾಕಿದರು. ನಮ್ಮ ಹತ್ತು ಜನರ ಆದೇಶವೇ ವಾಸಿ, ಹತ್ತು ದಿನ ಬಾಳಿತು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಹೊಗೆ ಕುಡಿದು ಬೆಳೆದ ನಮಗೆ ಅಮೆರಿಕದ ಇನ್ನೊಂದು ಕತೆ ಹತ್ತಿರದ್ದು. 1952ರಲ್ಲಿ ಕೊರಿಯಾ ಯುದ್ಧ ನಡೆದಿತ್ತು. ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಜ್ಜಾಗಿದ್ದರು. ಅಧ್ಯಕ್ಷ ಟ್ರೂಮನ್ ಏಪ್ರಿಲ್ 8ರಂದು ಒಂದು ಆದೇಶ ಹೊರಡಿಸಿ, ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನೆಲ್ಲ ಸರ್ಕಾರದ ವಶಕ್ಕೆ ತಗೊಳ್ಳಿ ಅಂದರು. ಯುದ್ಧದ ಕಾಲ, ದೇಶದ ಮರ್ಯಾದೆ, ಸೈನಿಕರ ಜೀವ, ಎಲ್ಲ ಕಾರಣವೂ ಇತ್ತು. ಜೂನ್ 2ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಲ್ಲಿ, ಕಾರ್ಖಾನೆಗಳನ್ನು ವಾಪಸ್ ಕೊಡಿ, ಕಾನೂನು ಮಾಡುವುದು ಕಾಂಗ್ರೆಸ್ಸಿನ ಕೆಲಸ, ಅಧ್ಯಕ್ಷರದ್ದಲ್ಲ ಅಂದಿತು. ಟ್ರೂಮನ್ ಗೊಣಗುತ್ತಲೇ ವಾಪಸ್ ಕೊಟ್ಟರು. ಯುದ್ಧ ನಡೆಸುತ್ತಿದ್ದವರಿಗೇ ಇಲ್ಲದ ಅಧಿಕಾರ, ಪಾರ್ಕಿನಲ್ಲಿ ತಲೆ ಎಣಿಸುವವರಿಗೆ ಬೇಕಂತೆ.

ಇನ್ನು ನಮ್ಮ ಮನೆ ಕತೆ. ಬಳ್ಳಾರಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಮೈಮೇಲೆ ಕೆಂಪು ಧೂಳು ಹೊತ್ತವರು. 2010ರ ಜುಲೈ 25ರಂದು ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಕಾಂಗ್ರೆಸ್ ಪಾದಯಾತ್ರೆ ಹೊರಟಿತು. ಅದು ಊರು ಮುಟ್ಟುವುದರೊಳಗೆ ಆಗಿನ ಬಿಜೆಪಿ ಸರ್ಕಾರ ಅವಸರದಲ್ಲಿ ಆದೇಶ ಹೊರಡಿಸಿತು. ಅದಿರು ರಫ್ತಿಗೆ ಪರ್ಮಿಟ್ ಇಲ್ಲ, ರಾಜ್ಯದ ಹತ್ತು ಬಂದರುಗಳಿಂದ ಸಾಗಣೆ ಇಲ್ಲ. ನಡೆಯುತ್ತಿದ್ದವರ ಕಾಲಿಗಿಂತ ಆದೇಶದ ಕಾಲು ಚುರುಕು. ನಾವು ಚಪ್ಪಾಳೆ ತಟ್ಟಿದೆವು. ತಟ್ಟದೇ ಇರುವುದು ಹೇಗೆ? ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲಿಗೆ ಕೊನೆಯೇ ಇರಲಿಲ್ಲ, ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಮಾಯವಾಗಿತ್ತು.

ಆದರೆ ಗಣಿಯವರ ವಕೀಲರು ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ. ವಿದೇಶ ವ್ಯಾಪಾರ ಕೇಂದ್ರದ ಪಟ್ಟಿಯಲ್ಲಿದೆಯಲ್ಲ, ರಾಜ್ಯದ ಆದೇಶ ಅದನ್ನು ಹೇಗೆ ನಿಲ್ಲಿಸುತ್ತದೆ? ಹೈಕೋರ್ಟಿನಲ್ಲಿ ಆದೇಶ ಉಳಿಯಿತು, ಸುಪ್ರೀಂ ಕೋರ್ಟಿನಲ್ಲಿ ಉಳಿಯಲಿಲ್ಲ. 2011ರ ಏಪ್ರಿಲ್‌ನಲ್ಲಿ ನಿಷೇಧ ತೆರವಾಯಿತು. ಅಷ್ಟರಲ್ಲಿ ರಾಜ್ಯ ಸರ್ಕಾರ ಅಕ್ರಮ ಗಣಿಗಾರಿಕೆ, ಸಾಗಣೆ, ದಾಸ್ತಾನು ತಡೆಯುವ ನಿಯಮಗಳನ್ನು ಮಾಡಬೇಕಾಗಿ ಬಂತು. ಇಂಥ ನಿಯಮ ಮಾಡುವ ಅಧಿಕಾರ ಕೇಂದ್ರದ ಗಣಿ ಕಾಯ್ದೆಯಲ್ಲಿ ಎಷ್ಟೋ ವರ್ಷಗಳಿಂದ ಬಿದ್ದಿತ್ತು. ಸಂಡೂರಿನ ಗುಡ್ಡ ಅರ್ಧ ಕರಗುವವರೆಗೆ ಯಾರೂ ಅದನ್ನು ಮುಟ್ಟಿರಲಿಲ್ಲ. ಯಾಕೆ ಮುಟ್ಟಲಿಲ್ಲ ಅನ್ನುವುದು ಲೋಕಾಯುಕ್ತ ವರದಿಯಲ್ಲಿದೆ, ಓದಿಕೊಳ್ಳಿ. ಕೊನೆಗೆ 2011ರ ಜುಲೈ 29ರಂದು ಸುಪ್ರೀಂ ಕೋರ್ಟೇ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆದೇಶ ಕೊಟ್ಟವರೂ ಅಲ್ಲ, ಪಾದಯಾತ್ರೆ ಮಾಡಿದವರೂ ಅಲ್ಲ.

ಎಲ್ಲ ಆದೇಶವೂ ಇಷ್ಟು ಬಡಪಾಯಿ ಅಲ್ಲ ಅನ್ನುವುದಕ್ಕೆ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಗೆ ಹೋಗಬೇಕು. ಹಂಪಿ ಎದುರು, ಹೊಳೆಯಾಚೆ. ಅಲ್ಲಿ ರೆಸಾರ್ಟುಗಳು ಸಾಲುಸಾಲಾಗಿ ಎದ್ದವು. ಜಗತ್ತಿನ ಎಲ್ಲ ದೇಶದವರೂ ಬಂದು ಜೋಕಾಲಿಯಲ್ಲಿ ಮಲಗಿ ತುಂಗಭದ್ರೆ ನೋಡಿದರು. 1988ರಲ್ಲಿ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತ್ತು, ಈ ಪ್ರದೇಶ ಸಂರಕ್ಷಿತ ಅಂತ. ಬಡ ಕಾಗದ. ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಆದರೆ ಅದನ್ನು ಹೊರಡಿಸಿದ್ದು 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಅಡಿಯಲ್ಲಿ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿ ಬಂತು. 32 ವರ್ಷ ಧೂಳು ತಿಂದ ಕಾಗದ ರೆಸಾರ್ಟುಗಳನ್ನು ನೆಲಸಮ ಮಾಡಿತು. ಅಲ್ಲಿ ದುಡಿಯುತ್ತಿದ್ದ ಹುಡುಗರ ಹೊಟ್ಟೆಪಾಡು ಏನಾಯಿತು ಅನ್ನುವುದು ಬೇರೆ ಸಂಕಟ. ಹಿಂದೆ ಕಾಯ್ದೆ ನಿಂತಿದ್ದರೆ ಕಾಗದಕ್ಕೆ ಎಷ್ಟು ಬಲ ಬರುತ್ತದೆ ಅಂತ ಮಾತ್ರ ಆ ಗಡ್ಡೆ ತೋರಿಸಿತು.

"ಹಾಗಾದರೆ ಎಲ್ಲವನ್ನೂ ಕಾನೂನು ಮಾಡಿಬಿಡಲಿ" ಅನ್ನುತ್ತೀರಿ. ನಮ್ಮ ಶಾಸನಸಭೆಯನ್ನು ಇತ್ತೀಚೆಗೆ ನೋಡಿದ್ದೀರಾ? 2025ರ ಮಾರ್ಚ್ 21ರಂದು ಹನಿಟ್ರ್ಯಾಪ್ ಗದ್ದಲದಲ್ಲಿ ಕಾಗದದ ಚೂರುಗಳು ಸ್ಪೀಕರ್ ಪೀಠದ ಮೇಲೆ ಹಾರುತ್ತಿದ್ದವು. ಆ ಗಾಳಿಪಟಗಳ ನಡುವೆಯೇ ಮಸೂದೆಗಳು ಪಾಸಾದವು. 18 ಶಾಸಕರು ಆರು ತಿಂಗಳಿಗೆ ಅಮಾನತಾದರು, ಎರಡೇ ತಿಂಗಳಲ್ಲಿ ಅಮಾನತೂ ರದ್ದಾಯಿತು. ಚರ್ಚೆಯಾಗದ ಕಾನೂನಿಗೂ ಆದೇಶಕ್ಕೂ ನನಗೆ ಕಾಣುವ ವ್ಯತ್ಯಾಸ, ಕಾನೂನಿಗೆ ಜಾಸ್ತಿ ಕಾಗದ ಬೇಕು. ಅಪರೂಪಕ್ಕೆ ಕಾನೂನಿನ ಆ ಉದ್ದ ದಾರಿ ಕೆಲಸಕ್ಕೆ ಬರುತ್ತದೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿದರು. ಸಾಲ ಮೂರು ಲಕ್ಷದೊಳಗೆ, ದಂಡ ಐದು ಲಕ್ಷವಾ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಆಮೇಲೆ ಸಹಿ ಬಿತ್ತು, ಮಾರ್ಚ್‌ನಲ್ಲಿ ಸದನದಲ್ಲೂ ಪಾಸಾಯಿತು. ರಾಯಚೂರು ಕಡೆಯ ಹೆಣ್ಣುಮಕ್ಕಳು ಬಾಗಿಲು ಬಡಿಯುವವರಿಗೆ ತೋರಿಸಲು ಕೈಯಲ್ಲಿ ಒಂದು ಕಾಯ್ದೆ ಇದೆ. ತೋರಿಸಿದರೆ ಪೊಲೀಸರು ಬರುತ್ತಾರಾ ಅಂತ ನನ್ನನ್ನು ಕೇಳಬೇಡಿ.

ಕೊಡುವ ವಿಷಯಕ್ಕೆ ಆದೇಶ ಸಾಕು, ಕಿತ್ತುಕೊಳ್ಳುವುದಕ್ಕೆ ಕಾನೂನು ಬೇಕು ಅಂತ ಕೆಲವರು ವಾದಿಸುತ್ತಾರೆ. ಕೋರ್ಟುಗಳೂ ಬಹುಮಟ್ಟಿಗೆ ಹೀಗೇ ಹೇಳಿವೆ. ಗೃಹಲಕ್ಷ್ಮಿ ಆದೇಶದ ಮೇಲೆಯೇ ನಡೆಯುತ್ತಿದೆ. ಒಳ್ಳೆಯದೇ. ಯಾರೂ ಕೋರ್ಟಿಗೆ ಹೋಗಿ, ಎರಡು ಸಾವಿರ ಯಾಕೆ ಕೊಟ್ರಿ ಅಂತ ಕೇಳುವುದಿಲ್ಲ. ಆದರೆ ಬರದಿದ್ದರೆ? 2025ರ ಫೆಬ್ರುವರಿ, ಮಾರ್ಚ್ ಕಂತು ಎಲ್ಲಿ ಅಂತ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಕೂಗಾಟ ನಡೆಯಿತು. ಸಿಂಧನೂರಿನ ಅಕ್ಕ ಯಾವ ಸೆಕ್ಷನ್ ಹಿಡಿದು ಕೇಳಬೇಕು? ಸೆಕ್ಷನ್ನೇ ಇಲ್ಲ. ನಿಲ್ಲಿಸಲು ಇನ್ನೊಂದು ಆದೇಶವೂ ಬೇಡ, ಹಣ ಬಿಡುಗಡೆ ಮಾಡದಿದ್ದರಾಯಿತು. ಅದೇ ತಿಂಗಳು ದೆಹಲಿಯಲ್ಲಿ ನರೇಗಾ ಕಾಯ್ದೆಯನ್ನು ತೆಗೆದುಹಾಕಿದರು. ನನಗೆ ಅದು ಸರಿ ಕಾಣಲಿಲ್ಲ, ಇರಲಿ. ಆದರೆ ತೆಗೆಯಬೇಕಾದರೆ ಸಂಸತ್ತಿಗೆ ಬರಲೇಬೇಕಾಯಿತು. ಮಸೂದೆ ಮಂಡಿಸಿ, ಮಧ್ಯರಾತ್ರಿವರೆಗೆ ಮಾತಾಡಿ, ಹರಿದ ಕಾಗದ ಮೈಮೇಲೆ ಬೀಳಿಸಿಕೊಂಡು, ಹೌದು ಅಂತ ಕೂಗಿದವರ ಮುಖ ಟೀವಿಯಲ್ಲಿ ಕಾಣಿಸಿ, ಆಮೇಲೆ ತೆಗೆದರು. 2005ರ ಕಾಯ್ದೆ ಸಾಯುವಾಗಲೂ ಅಷ್ಟು ಗಲಾಟೆ ಮಾಡಿ ಸತ್ತಿತು.

ಮುಟ್ಟಿನ ರಜೆಯ ಆದೇಶದ್ದು ಇನ್ನೂ ಚೆಂದ. ಡಿಸೆಂಬರ್ 9ರಂದು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಅಂದೇ ತಡೆಯನ್ನು ವಾಪಸ್ ಪಡೆಯಿತು. ಹೆಣ್ಣುಮಕ್ಕಳಿಗೆ ಕೆಲವು ಗಂಟೆ ರಜೆ ರದ್ದಾಗಿ ಮತ್ತೆ ಬಂತು. ರಜೆ ನ್ಯಾಯವಾದದ್ದೇ. ನ್ಯಾಯವಾದದ್ದನ್ನು ಕಾನೂನು ಮಾಡಿ ಕೊಡಲು ಏನು ಕಷ್ಟ?

ನಮ್ಮ ಭಾಗಕ್ಕೆ ಆದೇಶ ಅಲ್ಲ, ಕಾಯ್ದೆ ಅಲ್ಲ, ಸಂವಿಧಾನವೇ ಬೆನ್ನಿಗಿದೆ. 371ಜೆ ವಿಧಿ. 98ನೇ ತಿದ್ದುಪಡಿ. ಎಷ್ಟು ವರ್ಷ ಕೂಗಿದ ಮೇಲೆ ಬಂದದ್ದು ಅದು! ನಮ್ಮ ಜಿಲ್ಲೆಗಳ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ. ಓದಿ ಖುಷಿಪಡಬಹುದು. ಆದರೆ ಆಯ್ಕೆಪಟ್ಟಿ ಮಾಡುವ ಹೊತ್ತಿಗೆ ಬರುವುದು ಸುತ್ತೋಲೆ. ಜಾಸ್ತಿ ಅಂಕ ತೆಗೆದ ಕೊಪ್ಪಳದ ಹುಡುಗಿಯನ್ನು ಮೊದಲು ಮಿಕ್ಕುಳಿದ (ರಾಜ್ಯದ ಉಳಿದ ಭಾಗದ) ವೃಂದದಲ್ಲಿ ಎಣಿಸಬೇಕಾ, ಸ್ಥಳೀಯ ವೃಂದದಲ್ಲಾ? ಒಂದು ಸುತ್ತೋಲೆ ಹೀಗೆ ಅಂತು. ಮುಂದಿನದು ಹಾಗೆ ಅಂತು. ಪ್ರತಿ ಸಲವೂ ಕೆಎಟಿ (ಸರ್ಕಾರಿ ನೌಕರಿಯ ತಕರಾರು ಕೇಳುವ ನ್ಯಾಯಮಂಡಳಿ), ಹೈಕೋರ್ಟ್, ಪಟ್ಟಿ ಹಿಂದಕ್ಕೆ, ಹುಡುಗರು ಬೀದಿಗೆ. ಸಂವಿಧಾನ ಕೊಟ್ಟದ್ದನ್ನು ಎರಡು ಪುಟದ ಕಾಗದ ಅಳೆದೂ ಸುರಿದೂ ಹಂಚುತ್ತದೆ. 2019ರಲ್ಲಿ ನಮ್ಮನ್ನು ಕಲ್ಯಾಣ ಕರ್ನಾಟಕ ಮಾಡಿದರು, ಬೋರ್ಡುಗಳೆಲ್ಲ ಬದಲಾದವು. ಸಂವಿಧಾನದ ಪುಟದಲ್ಲಿ ನಾವಿನ್ನೂ ಹೈದರಾಬಾದ್-ಕರ್ನಾಟಕವೇ. ಬೋರ್ಡಿಗೆ ಆದೇಶ ಸಾಕು, ಆ ಪುಟಕ್ಕೆ ಸಾಲದು.

ಇಷ್ಟು ಹೊತ್ತು ನಗಾಡಿದ್ದು ಸಾಕು. ಕೊಪ್ಪಳಕ್ಕೆ ಬರುತ್ತೇನೆ. ಅಲ್ಲಿ ನಗಲು ಆಗುವುದಿಲ್ಲ.

ಗಿಣಿಗೇರಿ, ಅಲ್ಲಾನಗರ, ಹಿರೇಬಗನಾಳದ ಜನ ಹತ್ತಾರು ವರ್ಷದಿಂದ ಕಾರ್ಖಾನೆಗಳ ಕರಿ ಬೂದಿ ಉಸಿರಾಡುತ್ತಿದ್ದಾರೆ. ಅದು ಸಾಲದೆಂದು ಊರಿಗೆ ಅಂಟಿಕೊಂಡೇ 54 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆ ಅಂತ ಘೋಷಣೆಯಾಯಿತು. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್. ಗವಿಮಠದ ಸ್ವಾಮೀಜಿ ಬೀದಿಗೆ ಬಂದರು, ಅವರ ಹಿಂದೆ ಇಡೀ ಊರು ಬಂತು. ಅವತ್ತು ಅಲ್ಲಿ ಯಾರೂ ಹತ್ತು ಜನ ಅಂತ ಎಣಿಸಲಿಲ್ಲ, ಎಣಿಸಿ ಮುಗಿಯುತ್ತಲೂ ಇರಲಿಲ್ಲ. ನಿಯೋಗ ಬೆಂಗಳೂರಿಗೆ ಹೋಯಿತು. ಮುಖ್ಯಮಂತ್ರಿ ಕಾಮಗಾರಿ ನಿಲ್ಲಿಸಲು ಸೂಚಿಸಿದರು. ಬಾಯಿಮಾತಿನಲ್ಲಿ. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂತು, 'ಮೌಖಿಕ ಆದೇಶ'. ಕೆಲವು ತಿಂಗಳ ಮೇಲೆ ಜನ ಮತ್ತೆ ಧರಣಿಗೆ ಕೂತರು.

1962ರಲ್ಲಿ ಬಚಿತ್ತರ್ ಸಿಂಗ್ ಎಂಬ ಪಂಜಾಬಿನ ನೌಕರನ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಕೆಲಸದಿಂದ ತೆಗೆಯಬೇಡಿ ಅಂತ ಸಚಿವರು ಕಡತದಲ್ಲೇ ಬರೆದಿದ್ದರು. ಸಹಿಯೂ ಇತ್ತು. ಆದರೆ ಅದು ಆದೇಶವಾಗಿ ಹೊರಬಿದ್ದಿರಲಿಲ್ಲ, ಆ ಮನುಷ್ಯನ ಕೈ ಸೇರಿರಲಿಲ್ಲ. ಆಮೇಲೆ ಬಂದ ಮುಖ್ಯಮಂತ್ರಿ ಕೆಲಸದಿಂದ ತೆಗೆದೇ ಬಿಟ್ಟರು. ಸಚಿವರು ಕಡತದಲ್ಲಿ ಬರೆದದ್ದು ಸರ್ಕಾರದ ಆದೇಶವಲ್ಲ ಅಂದಿತು ಕೋರ್ಟ್. ಬಚಿತ್ತರ್ ಸಿಂಗ್ ಕೈಯಲ್ಲಿ ಏನೂ ಉಳಿಯಲಿಲ್ಲ. ಸಚಿವರು ಬರೆದು ಸಹಿ ಹಾಕಿದ್ದಕ್ಕೇ ಈ ಗತಿಯಾದರೆ, ಬಾಯಲ್ಲಿ ಹೇಳಿದ್ದಕ್ಕೆ ಕೊಪ್ಪಳದವರು ಯಾವ ಚೌಕಟ್ಟು ಹಾಕಿಸಿಕೊಳ್ಳಬೇಕು?

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತೀರಾ? ಅವರ ಬಳಿ ಅಡ್ವೊಕೇಟ್ ಜನರಲ್ ಇದ್ದಾರೆ, ಕಾನೂನು ಇಲಾಖೆ ಇದೆ. ಪಾರ್ಕಿನಲ್ಲಿ ಹತ್ತು ಜನ ಸೇರುವುದನ್ನು ತಡೆಯಲು ಅವರಿಗೆ ಲಿಖಿತ ಆದೇಶ ಬರೆಯಲು ಬರುತ್ತದೆ. ಒಂದು ಊರಿನ ಗಾಳಿಗೆ ಬಂದಾಗ ಪೆನ್ನು ಸಿಗುವುದಿಲ್ಲ. ಇಲ್ಲಿ ಹೊಸ ಕಾನೂನು ಕೂಡ ಬೇಕಾಗಿಲ್ಲ ಕಣ್ರೀ. 1981ರ ವಾಯು ಕಾಯ್ದೆ ಇದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಇಂಥ ಕಾರ್ಖಾನೆ ಕಟ್ಟುವಂತಿಲ್ಲ. ಅದೇ ಕಾಯ್ದೆಯ 31ಎ ಸೆಕ್ಷನ್ ಪ್ರಕಾರ ಕಾರ್ಖಾನೆ ಮುಚ್ಚಿಸುವ, ಕರೆಂಟು-ನೀರು ನಿಲ್ಲಿಸುವ ಅಧಿಕಾರವೂ ಮಂಡಳಿಗಿದೆ. ಆದರೆ ಅದನ್ನು ಬರೆದು ಕೊಡಬೇಕು. ಕಾರಣ ಹೇಳಬೇಕು. ಬರೆದುಕೊಟ್ಟ ಮೇಲೆ ಕಂಪನಿ ಕೋರ್ಟಿಗೆ ಹೋಗಬಹುದು. ಆಗ ಸರ್ಕಾರದ ವಕೀಲರು ಜಡ್ಜ್ ಮುಂದೆ ಎದ್ದು ನಿಂತು, ಹೌದು, ನಾವೇ ನಿಲ್ಲಿಸಿದ್ದು, ಇಂಥ ಕಾರಣಕ್ಕೆ ಅಂತ ವಾದಿಸಬೇಕಾಗುತ್ತದೆ. ಬಾಯಿಮಾತಿನ ವಿರುದ್ಧ ಕಂಪನಿ ಕೋರ್ಟಿಗೆ ಹೋಗುವ ಅಗತ್ಯವಿಲ್ಲ. ಕೊಪ್ಪಳದವರು ಹೋಗುತ್ತೇವೆಂದರೂ ಅರ್ಜಿಗೆ ಲಗತ್ತಿಸಲು ಏನೂ ಇಲ್ಲ.